ಬೀಡಿ ಬಿಡಲಾರದವರ ಬಳಿಗೆ: ಶ್ರೀಮತಿ ರೋಶನಬಿಯವರ ಮೂವತ್ತಾರು ವರ್ಷ

ಆರೋಗ್ಯ ಇಲಾಖೆಯ ಸೇವೆಯಲ್ಲಿ ಹೆಸರು ತಂದುಕೊಡುವ ಕೆಲಸಗಳು ಹಲವಿವೆ. ಹೆರಿಗೆ ಮಾಡಿಸಿದವರನ್ನು ತಾಯಂದಿರು ಮರೆಯುವುದಿಲ್ಲ. ಕೂಸಿಗೆ ಲಸಿಕೆ ಹಾಕಿದವರ ಹೆಸರು ಊರ ಬಾಯಲ್ಲಿ ಉಳಿಯುತ್ತದೆ. ಕಣ್ಣಿನ ಪೊರೆ ತೆಗೆಸಲು ಕೈಹಿಡಿದು ಕರೆದೊಯ್ದವರನ್ನು ಮುದುಕರು ಹರಸುತ್ತಾರೆ. ಆದರೆ ಅರವತ್ತು ಎಪ್ಪತ್ತು ದಾಟಿದವರ ಕೈಯಿಂದ ಬೀಡಿಯನ್ನು ಬಿಡಿಸುವ ಕೆಲಸಕ್ಕೆ ಹೆಸರೂ ಇಲ್ಲ, ಹರಸುವವರೂ ಇಲ್ಲ. ಸೇದುವವರಿಗೆ ಅದು ಕಿರುಕುಳ; ಮನೆಯವರಿಗೆ ಅದು ವ್ಯರ್ಥ. "ಇನ್ನೆಷ್ಟು ದಿನ ಇರ್ತಾರೆ, ಸೇದ್ಲಿ ಬಿಡ್ರಿ" ಎಂಬ ಮಾತನ್ನು ಕರುಣೆಯೆಂದೇ ತಿಳಿದು ಆಡುವ ಮಕ್ಕಳು ನಮ್ಮ ಸೀಮೆಯ ಪ್ರತಿ ಊರಿನಲ್ಲಿಯೂ ಇದ್ದಾರೆ. ಆ ಮಾತಿನ ಒಳಗೆ ಇರುವುದು ಕರುಣೆಯಲ್ಲ, ಲೆಕ್ಕದಿಂದ ಕೈಬಿಡುವಿಕೆ ಎಂದು ಮೊದಲು ಗುರುತಿಸಿ, ಯಾರೂ ಮೆಚ್ಚದ ಈ ಕೆಲಸವನ್ನೇ ತಮ್ಮದೆಂದು ಎತ್ತಿಕೊಂಡವರು ಶ್ರೀಮತಿ ರೋಶನಬಿಯವರು. ಅವರು ಈಗ ಸೇವೆಯಿಂದ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಭಾಗ್ಯದ ಜೊತೆಗೆ ಒಂದು ಋಣವೂ ಇದೆ; ಅದನ್ನು ಮುಂದೆ ನಿವೇದಿಸುತ್ತೇನೆ.

ರೋಶನಬಿಯವರು ಹುಟ್ಟಿದ್ದು ಜಗಳೂರಿನಲ್ಲಿ. ತಾಯಿ ಮನೆಯಲ್ಲಿ ಕುಳಿತು ಬೀಡಿ ಸುತ್ತುತ್ತಿದ್ದರು; ತಂದೆ ಪೀರ್‌ಸಾಬ್ ಕುಲುಮೆಯ ಕೆಲಸ ಮಾಡುತ್ತ ಬೀಡಿ ಸೇದುತ್ತಿದ್ದರು. ತಾನು ನರ್ಸಿಂಗ್ ತರಬೇತಿ ಮುಗಿಸುವ ಹೊತ್ತಿಗೆ ತಂದೆಯವರು ಕುಲುಮೆಯ ಮುಂದೆ ಕೂರಲಾರದಷ್ಟು ಉಬ್ಬಸಗೊಂಡಿದ್ದರೆಂದೂ, ತನ್ನನ್ನು ಓದಿಸಿದ ಎಲೆಯೇ ಅವರ ಎದೆಯನ್ನು ತಿಂದಿತೆಂದೂ ಅವರೊಮ್ಮೆ ಯಾವ ಕಹಿಯೂ ಇಲ್ಲದೆ ನನ್ನಲ್ಲಿ ಹೇಳಿದ್ದುಂಟು. ೧೯೮೯ರಲ್ಲಿ ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇವೆಗೆ ಸೇರಿ, ಮುಂದೆ ಹೊನ್ನಾಳಿಯಲ್ಲಿ ಹನ್ನೊಂದು ವರ್ಷ ಕ್ಷಯರೋಗಿಗಳ ಮನೆಮನೆಗೆ ಮಾತ್ರೆ ತಲುಪಿಸಿದರು. ರೋಗ ಗುಣವಾದ ಮೇಲೂ ಕೆಮ್ಮು ನಿಲ್ಲದ ಮುದುಕರ ಜೇಬುಗಳನ್ನು ಅವರು ಗಮನಿಸತೊಡಗಿದ್ದು ಅಲ್ಲಿ. ಪತಿ ತೀರಿಕೊಂಡದ್ದೂ ಅಲ್ಲಿಯೇ. ಮಕ್ಕಳಿಲ್ಲದ ಅವರು ಅನಂತರ ನ್ಯಾಮತಿಗೂ, ಕಡೆಗೆ ಚನ್ನಗಿರಿಗೂ ವರ್ಗವಾಗಿ ಬಂದಾಗ ಪ್ರತಿ ಸಲವೂ ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ಸ್ಟೋವು, ಪುಸ್ತಕದ ಒಂದು ಕಟ್ಟು. ಬಾಡಿಗೆಯ ಕೋಣೆಯ ಬೀಗವನ್ನು ಬೆಳಿಗ್ಗೆ ತಾವೇ ಹಾಕಿ ಸಂಜೆ ತಾವೇ ತೆಗೆಯುವ ಜೀವನವನ್ನು ಅವರು ಹದಿನೈದು ವರ್ಷಕ್ಕೂ ಮಿಗಿಲಾಗಿ ನಡೆಸಿದ್ದಾರೆ.

ನ್ಯಾಮತಿಯಲ್ಲಿದ್ದಾಗ ಅವರಿಗೆ ತಂಬಾಕು ಬಿಡಿಸುವ ಆಪ್ತಸಮಾಲೋಚನೆಯ ತರಬೇತಿ ದೊರೆಯಿತು. ತರಬೇತಿಯ ಕೈಪಿಡಿ ಬರೆದವರು ಬಹುಶಃ ಹಲ್ಲಿರುವವರನ್ನು ಮಾತ್ರ ಕಂಡಿದ್ದರು. ಬೀಡಿಯ ಬದಲಿಗೆ ಜಗಿಯಲು ಕೊಡುವ ಗಮ್ಮು ನಮ್ಮ ಮುದುಕರ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡು ಹಲ್ಲಿನ ಸೆಟ್ಟೇ ಹೊರಗೆ ಬರುತ್ತಿತ್ತು. ಬೀಡಿಯ ಚಟ ತಗ್ಗಿಸಲು ತೋಳಿಗೆ ಹಚ್ಚುವ ಪಟ್ಟಿಯನ್ನು ನೋವಿನ ಪಟ್ಟಿಯೆಂದು ತಿಳಿದು ಮೊಣಕಾಲಿಗೆ ಹಚ್ಚಿಕೊಂಡವರಿದ್ದರು. ಇವೆಲ್ಲವನ್ನೂ ನಗುತ್ತ ಸರಿಪಡಿಸುತ್ತ, ಕೈಪಿಡಿಯಲ್ಲಿಲ್ಲದ ವಿಧಾನವೊಂದನ್ನು ಅವರು ತಾವೇ ಕಂಡುಕೊಂಡರು. ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಅವರು ಕೇಳುತ್ತಿರಲಿಲ್ಲ. ಮೊದಲನೆಯದನ್ನು ಎಲ್ಲಿ ಕುಳಿತು ಸೇದುತ್ತೀರಿ, ಆಗ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳುತ್ತಿದ್ದರು. ಹತ್ತರಲ್ಲಿ ಏಳು ಜನರ ಉತ್ತರ ಒಂದೇ ಆಗಿರುತ್ತಿತ್ತು: ಪಕ್ಕದಲ್ಲಿ ಯಾರೂ ಇರುವುದಿಲ್ಲ.

೨೦೨೧ರಲ್ಲಿ ಅವರು ಚನ್ನಗಿರಿ ತಾಲ್ಲೂಕಿಗೆ ಬಂದ ಹೊಸತರಲ್ಲಿ ನನಗೆ ಪರಿಚಿತರಾದರು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದ ನನಗೆ, ಸೂಳೆಕೆರೆಯ ದಂಡೆಯ ನಮ್ಮ ಊರಿನ ಕಲ್ಲೇಶ್ವರನ ಗುಡಿಯಲ್ಲಿ ಸೋಮವಾರ ಸಂಜೆ ಹಳಗನ್ನಡ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವುದೊಂದು ನೇಮ. ಸೇದುವ ಮುದುಕರು ಅಲ್ಲಿ ಸೇರುತ್ತಾರೆಂದು ತಿಳಿದು ಅವರು ಗುಡಿಯ ಅಂಗಳಕ್ಕೆ ಬಂದರು. ನಾನು ಬೀಡಿಯ ದೋಷಗಳನ್ನು ಕುರಿತು ನಾಲ್ಕು ಗಂಭೀರವಾದ ಮಾತಾಡಿ, ಮಾತಿನ ನಡುವೆ ಎಂದಿನಂತೆ ನಶ್ಯದ ಡಬ್ಬಿ ತೆರೆದೆ.

"ಪಂಡಿತ್ರೇ, ಅದೇನು ಕುಂಕುಮಾನಾ?" ಎಂದು ಅವರು ಕೇಳಿದರು.

"ನಶ್ಯ" ಎಂದೆ.

"ಹಂಗಾದ್ರೆ ನಿಮ್ಮ ಹೆಸ್ರೂ ಬರಕೊಳ್ತೀನ್ರಿ. ಮೂಗಿನಾಗೆ ಹೋದ್ರೂ ಅದು ತಂಬಾಕೇ."

ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಧರ್ಮಪ್ಪನವರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವ, ಯಾವ ಸಭೆಯನ್ನೂ ನಗಿಸದೆ ಬಿಡದ ಹಿರಿಯರು. "ಸಿಸ್ಟರಮ್ಮ, ಬೀಡಿ ಎಳೀದೇ ಇದ್ರೆ ಬೆಳಿಗ್ಗೆ ನನಗೆ ಬಯಲ ಕಡೆ ಹೋಗಾಕೇ ಆಗಲ್ಲ. ಅದಕ್ಕೇನಾದ್ರೂ ಗುಳಿಗೆ ಐತಾ?" ಎಂದರು. "ಐತೆ ಯಜಮಾನ್ರೇ. ಎರಡು ಲೋಟ ಬಿಸಿನೀರು. ಸರ್ಕಾರದ್ದು, ಪುಕ್ಕಟೆ" ಎಂದು ರೋಶನಬಿಯವರು ಮುಖವನ್ನು ಒಂದಿಷ್ಟೂ ಸಡಿಲಿಸದೆ ಉತ್ತರಿಸಿದರು.

ಆ ಅಂಗಳದಲ್ಲಿ ನಗದೆ ಕುಳಿತಿದ್ದವರು ಉಚ್ಚಂಗೆಪ್ಪನವರು ಒಬ್ಬರೇ. ಅವರನ್ನು ಕುರಿತು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ರೋಶನಬಿಯವರ ಹಿರಿಮೆಯನ್ನು ನಾನು ಕಂಡದ್ದು ಅವರ ಮೂಲಕ. ಉಚ್ಚಂಗೆಪ್ಪನವರು ನಮ್ಮ ಊರಿನ ನೀರಗಂಟಿ. ಕೆರೆಯ ತೂಬಿನಿಂದ ಗದ್ದೆಗದ್ದೆಗೆ ನೀರು ಹಂಚುವ ಆ ಕೆಲಸವನ್ನು ಐವತ್ತು ವರ್ಷ ಮಾಡಿದ್ದರು. ಆಗ ಅವರಿಗೆ ಎಪ್ಪತ್ತೊಂದು. ಹೆಂಡತಿ ಉಡಚಮ್ಮ ತೀರಿಕೊಂಡ ಮೇಲೆ ಮಾತು ಕಡಿಮೆಯಾಗಿ ಬೀಡಿ ಹೆಚ್ಚಾಗಿತ್ತು. ತೂಬಿನ ಬಳಿ ನೀರಿನ ಸದ್ದಿನ ಹೊರತು ಬೇರೆ ಸಂಗಾತಿಯಿಲ್ಲದ ಅವರು ವಾರಕ್ಕೊಮ್ಮೆ ಜನರ ನಡುವೆ ಕೂರುತ್ತಿದ್ದುದು ನನ್ನ ವಾಚನಕ್ಕೆ ಮಾತ್ರ. ಅವರ ತಂದೆಯ ಕಾಲದಲ್ಲಿ ಆ ಗುಡಿಯ ಮೆಟ್ಟಿಲು ಅವರ ಕೇರಿಯವರಿಗೆ ಮುಚ್ಚಿತ್ತು. ಮಗ ಒಳಗೆ ಬಂದು ಕಡೆಯ ಕಂಬಕ್ಕೆ ಒರಗಿ ಕುಳಿತು ಕಾವ್ಯ ಕೇಳುವ ಕಾಲ ಬಂದಿತ್ತು. ಅಲ್ಲಿಗೆ ಬರಲು ಆ ಕುಟುಂಬಕ್ಕೆ ಎಷ್ಟು ತಲೆಮಾರು ಹಿಡಿದಿತ್ತೆಂಬುದನ್ನು ನಾನು ಓದಿನ ಭರದಲ್ಲಿ ಎಂದೂ ಯೋಚಿಸಿರಲಿಲ್ಲ.

ಆಸ್ಪತ್ರೆಯ ಮೇಜಿನ ಮುಂದೆ ಕುಳಿತು ಬೀಡಿ ಬಿಡುತ್ತೇವೆಂದವರು ಮನೆಗೆ ಹೋಗಿ ಹಚ್ಚುತ್ತಾರೆ ಎಂದು ರೋಶನಬಿಯವರು ಒಂದು ದಿನ ನನ್ನಲ್ಲಿ ಹೇಳಿಕೊಂಡರು. ನಾನು ತಡಮಾಡದೆ ಉಪಾಯ ಸೂಚಿಸಿದೆ. ದೈವದ ಎದುರು ನುಡಿದ ಮಾತು ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ. ಕಾರ್ತಿಕ ಸೋಮವಾರ ಗುಡಿಯಲ್ಲಿ ಎಲ್ಲರಿಂದ ಪ್ರತಿಜ್ಞೆ ಮಾಡಿಸೋಣ ಎಂದೆ.

"ಬ್ಯಾಡ ಅನ್ಸುತ್ತೆ ಪಂಡಿತ್ರೇ. ಬೀಡಿ ಬಿಡೋರು ನಾಲ್ಕು ಸಲ ಬಿದ್ದು ಐದನೇ ಸಲ ನಿಲ್ತಾರೆ. ನನ್ನ ಮುಂದೆ ಬಿದ್ರೆ ನಾನು ಎತ್ತಿ ಕೂರಿಸ್ತೀನಿ. ದೇವರ ಮುಂದೆ ಬಿದ್ದೋರು ಏಳೋದು ಹೆಂಗೆ?"

ಅದು ಶ್ರದ್ಧೆಯ ಬಲವನ್ನು ಅರಿಯದವರ ಸಂದೇಹವೆಂದು ನಾನು ಭಾವಿಸಿದೆ, ಭಾವಿಸಿದ್ದನ್ನು ಹೇಳಿಯೂಬಿಟ್ಟೆ. ಐದು ಹೊತ್ತು ಪ್ರಾರ್ಥಿಸುವ ಹೆಣ್ಣುಮಗಳಿಗೆ ಶ್ರದ್ಧೆಯ ಪಾಠ ಹೇಳಿದ ನನ್ನ ಆ ದಿನದ ನಾಲಿಗೆಯನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ಹಿರಿಯನೆಂಬ ಗೌರವದಿಂದ ಅವರು ಒಪ್ಪಿದರು. ಪ್ರತಿಜ್ಞೆಯ ವಾಕ್ಯವನ್ನು ನಾನೇ ರಚಿಸಿದೆ. ಹನ್ನೊಂದು ಜನ ಬಿಲ್ವಪತ್ರೆ ಹಿಡಿದು ಅದನ್ನು ನುಡಿದರು. ಅದರ ಕೊನೆಯ ಮಾತು ಹೀಗಿತ್ತು: "ಇನ್ನು ಮುಟ್ಟಿದೆನಾದರೆ ಈ ಸ್ವಾಮಿಯ ಹೊಸ್ತಿಲನ್ನು ತುಳಿಯೆನು."

ಧರ್ಮಪ್ಪನವರು ಮೂರನೆಯ ದಿನವೇ ಸೇದಿದರು. ಸೇದಿದ್ದನ್ನು ಮುಚ್ಚಿಡಲೂ ಇಲ್ಲ. "ಸ್ವಾಮಿಗೆ ತಪ್ಪುಕಾಣಿಕೆ ಹಾಕಿದೀನ್ರಿ, ನಮ್ಮಿಬ್ಬರಿಗೂ ರಾಜಿ ಆಗೈತೆ" ಎಂದು ಮುಂದಿನ ಸೋಮವಾರ ಎಂದಿನ ಜಾಗದಲ್ಲಿಯೇ ಬಂದು ಕುಳಿತರು. ಉಳಿದ ಹಲವರೂ ಅದೇ ದಾರಿ ಹಿಡಿದರು. ಉಚ್ಚಂಗೆಪ್ಪನವರು ಇಪ್ಪತ್ತಮೂರು ದಿನ ಸೇದದೆ ಇದ್ದರು. ಇಪ್ಪತ್ತನಾಲ್ಕನೆಯ ಬೆಳಿಗ್ಗೆ, ತೂಬು ಎತ್ತಿದ ಮೇಲೆ, ಚಳಿಗೋ ಒಂಟಿತನಕ್ಕೋ ಒಂದನ್ನು ಹಚ್ಚಿದರು. ಹಚ್ಚಿದ ಮೇಲೆ ತಾವಾಡಿದ ಮಾತನ್ನು ಅಕ್ಷರಶಃ ನಡೆಸಿದರು. ಆ ಸೋಮವಾರ ಕಡೆಯ ಕಂಬದ ಬಳಿ ಯಾರೂ ಇರಲಿಲ್ಲ. ಅದರ ಮುಂದಿನ ಸೋಮವಾರವೂ ಇರಲಿಲ್ಲ. ನೀರು ಬಿಟ್ಟ ಕಾಲ, ಕೆಲಸವಿರಬೇಕು ಎಂದುಕೊಂಡು ನಾನು ಓದುತ್ತ ಹೋದೆ. ನಾಲ್ಕು ತಿಂಗಳು ಅವರನ್ನು ಒಂದು ಮಾತೂ ವಿಚಾರಿಸಲಿಲ್ಲ.

ಗಮನಿಸಿದವರು ರೋಶನಬಿಯವರು. ಮೂರು ತಿಂಗಳಿಂದ ಉಚ್ಚಂಗೆಪ್ಪನವರು ರಕ್ತದೊತ್ತಡದ ಮಾತ್ರೆ ಒಯ್ದಿಲ್ಲವೆಂದು ಕಂಡು ಅವರು ಕೆರೆಯ ದಂಡೆಗೆ ಹೋದರು. ದೂರದಿಂದ ಬಿಳಿಯ ಕೋಟು ಕಂಡೊಡನೆ ಉಚ್ಚಂಗೆಪ್ಪನವರು ದಂಡೆಯ ಆಚೆಗೆ ಇಳಿದು ಮರೆಯಾದರು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ರೋಶನಬಿಯವರು ತೂಬಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನೀರು ನಿಲ್ಲಿಸಲು ನೀರಗಂಟಿ ಬರಲೇಬೇಕಲ್ಲ! ಅಂದಿನ ಮಾತುಕತೆಯನ್ನು ಉಚ್ಚಂಗೆಪ್ಪನವರೇ ನನಗೆ ಅನಂತರ ಹೇಳಿದರು.

"ಯಜಮಾನ್ರೇ, ಎಷ್ಟಂತ ಓಡ್ತೀರಿ? ದಂಡೆ ಉದ್ದ ಐತೆ, ನನ್ನ ಮೊಣಕಾಲು ಸರಿ ಇಲ್ಲ."

"ನಿಮಗೆ ಮುಖ ತೋರ್ಸಾಕೆ ಆಗಲ್ಲ ಸಿಸ್ಟರಮ್ಮ. ಸೇದಿದೀನಿ."

"ಗೊತ್ತು. ನಿಮಗಿಂತ ಮೊದಲು ವಾಸನೆ ಬಂತು. ಬಿಪಿ ಗುಳಿಗೆ ಯಾಕೆ ಬಿಟ್ರಿ? ಅದನ್ನೂ ಬಿಡ್ತೀನಿ ಅಂತ ಆಣೆ ಮಾಡಿದ್ರಾ?"

ಅವರು ನಗಲಿಲ್ಲವಂತೆ. ರೋಶನಬಿಯವರು ಅವರನ್ನು ದಾವಣಗೆರೆಗೆ ಕರೆದೊಯ್ದು ಎದೆಯ ಚಿತ್ರ ತೆಗೆಸಿದಾಗ ವೈದ್ಯರು ಸ್ಪಷ್ಟವಾಗಿ ಹೇಳಿದರು: ಈಗ ನಿಲ್ಲಿಸಿದರೆ ಉಳಿದಿರುವ ಉಸಿರಿನಲ್ಲಿ ಕೆಲವು ವರ್ಷ ನಡೆದಾಡಿಕೊಂಡಿರಬಹುದು, ನಿಲ್ಲಿಸದಿದ್ದರೆ ಎರಡು ವರ್ಷದೊಳಗೆ ಹಾಸಿಗೆಯಿಂದ ಬಾಗಿಲವರೆಗೂ ನಡೆಯಲಾರರು. ಅದನ್ನು ಕೇಳಿಯೂ ಉಚ್ಚಂಗೆಪ್ಪನವರು ಮತ್ತೊಮ್ಮೆ ಪ್ರಯತ್ನಿಸಲು ಒಪ್ಪಲಿಲ್ಲ. "ಸ್ವಾಮಿ ಮುಂದೆ ಸುಳ್ಳು ಆಡಿದೋನು ಎರಡು ವರ್ಷ ಇದ್ರೇನು, ಹತ್ತು ವರ್ಷ ಇದ್ರೇನು" ಎಂದುಬಿಟ್ಟರು. ಔಷಧವಿತ್ತು, ಪಟ್ಟಿಯಿತ್ತು, ಹೇಳುವವರಿದ್ದರು; ಬದುಕಬೇಕೆಂಬ ಮನಸ್ಸನ್ನು ನನ್ನ ಒಂದು ವಾಕ್ಯ ಹೊರಗೆ ನಿಲ್ಲಿಸಿತ್ತು.

ರೋಶನಬಿಯವರು ನೇರವಾಗಿ ನನ್ನ ಮನೆಗೆ ಬಂದರು. ದೂರಲಿಲ್ಲ. ನಾನಂದೇ ಹೇಳಿದ್ದೆನಲ್ಲ ಎಂಬ ಮಾತು ಅಂದು ಬರಲಿಲ್ಲ, ಇಂದಿನವರೆಗೂ ಬಂದಿಲ್ಲ. "ನೀವು ಕಟ್ಟಿದ ಗಂಟು, ನೀವೇ ಬಿಚ್ಚಬೇಕು ಪಂಡಿತ್ರೇ" ಎಂದಷ್ಟೇ ಕೇಳಿದರು. ಪ್ರತಿಜ್ಞಾಭಂಗಕ್ಕೆ ಪ್ರಾಯಶ್ಚಿತ್ತವುಂಟೆ, ಉಂಟಾದರೆ ಅದರ ವಿಧಿಯೇನು, ವೃದ್ಧರಿಗೆ ಅದರಲ್ಲಿ ರಿಯಾಯಿತಿಯೇನು ಎಂದು ನಾನು ಗ್ರಂಥಗಳನ್ನು ತೆರೆದು ಕುಳಿತೆ. ಒಂದು ಕಡೆ ಉಪವಾಸ, ಇನ್ನೊಂದು ಕಡೆ ಸಾವಿರದ ಜಪ, ಮತ್ತೊಂದು ಕಡೆ ತೀರ್ಥಯಾತ್ರೆ. ಯಾವುದು ಯಾರಿಗೆ ಅನ್ವಯಿಸುತ್ತದೆಂದು ತೂಗುತ್ತ ಹತ್ತೊಂಬತ್ತು ದಿನ ಕಳೆದೆ. ಇಪ್ಪತ್ತನೆಯ ದಿನ ಅವರು ಮತ್ತೆ ಬಂದು ಬಾಗಿಲಲ್ಲಿಯೇ ನಿಂತರು.

"ನೀವು ಹುಡುಕ್ತಾ ಇರಿ ಪಂಡಿತ್ರೇ. ಅವರ ಕೆಮ್ಮಿಗೆ ಓದಾಕೆ ಬರಲ್ಲ, ಅದು ಕಾಯಲ್ಲ."

ಐವತ್ತು ವರ್ಷದ ನನ್ನ ವ್ಯಾಸಂಗಕ್ಕೆ ಅಷ್ಟು ನೇರವಾದ ಉತ್ತರವನ್ನು ಯಾವ ವಿದ್ವತ್ಸಭೆಯೂ ಕೊಟ್ಟಿರಲಿಲ್ಲ. ಪುಸ್ತಕ ಮುಚ್ಚಿ ಅವರ ಹಿಂದೆ ಹೊರಟೆ. ತೂಬಿನ ಕಟ್ಟೆಯ ಮೇಲೆ ಉಚ್ಚಂಗೆಪ್ಪನವರು ಕುಳಿತಿದ್ದರು. ನನ್ನನ್ನು ಕಂಡು ಬೀಡಿಯನ್ನು ಮುಷ್ಟಿಯೊಳಗೆ ಮುಚ್ಚಿದರು. ಅಂಗೈ ಸುಡುತ್ತಿದ್ದರೂ ಬಿಡಲಿಲ್ಲ. ಆ ವಾಕ್ಯ ನನ್ನದು, ತಪ್ಪೂ ನನ್ನದು, ನೀವು ಒಳಗೆ ಬರಬೇಕು ಎಂದೆ.

"ವಾಕ್ಯ ನಿಮ್ಮದಿರಬಹುದು ಮೇಷ್ಟ್ರೇ. ಬಾಯಿ ನಂದು" ಎಂದರು. "ನಮ್ಮಪ್ಪ ಹೊರಗೆ ನಿಂತು ಕೈಮುಗೀತಿದ್ದ. ನಾನೂ ನಿಂತ್ಕೊಂಡೇ ಮುಗೀತೀನಿ ಬಿಡ್ರಿ."

ಆಗ ರೋಶನಬಿಯವರು ತೀರ ಸಾಮಾನ್ಯವಾದ ಸಂಗತಿಯೊಂದನ್ನು ವಿಚಾರಿಸುವವರಂತೆ ಕೇಳಿದರು: "ಯಜಮಾನ್ರೇ, ಗುಡಿಗೆ ಬರಲ್ಲ ಅಂದ್ರಿ, ಸರಿ. ಕಾವ್ಯ ಕೇಳಲ್ಲ ಅಂತ ಏನೂ ಅಂದಿಲ್ಲ ಅಲ್ವಾ?"

ಉಚ್ಚಂಗೆಪ್ಪನವರು ಯೋಚಿಸಿದರು. ಹಾಗೆ ಅಂದಿಲ್ಲ ಎಂದರು. ರೋಶನಬಿಯವರು ನನ್ನ ಕಡೆಗೆ ತಿರುಗಿ ನೋಡಿದರು. ಮೂವತ್ತು ವರ್ಷ ದೇವರ ಸನ್ನಿಧಿಯ ಹೊರತು ಬೇರೆಲ್ಲಿಯೂ ಓದದಿದ್ದ ನನಗೆ ಆ ನೋಟ ಏನನ್ನು ಕೇಳುತ್ತಿದೆಯೆಂದು ತಿಳಿಯಿತು.

ಮುಂದಿನ ಸೋಮವಾರದಿಂದ ವಾಚನ ತೂಬಿನ ಕಟ್ಟೆಯ ಮೇಲೆ ನಡೆಯಿತು. ಗುಡಿಯ ಶ್ರೋತೃಗಳು ಅಷ್ಟು ದೂರ ಬರಲಿಲ್ಲ. ಕೆಲವರಿಗೆ ಮನಸ್ಸೂ ಬರಲಿಲ್ಲ. ಓದುವವನು ನಾನು, ಕೇಳುವವರು ಉಚ್ಚಂಗೆಪ್ಪನವರು ಮತ್ತು ರೋಶನಬಿಯವರು. ಸುತ್ತ ಕೆರೆಯ ನೀರು, ದೂರದಲ್ಲಿ ಬಲೆ ಎಳೆಯುವವರ ಒಂದೆರಡು ತೆಪ್ಪ. ಹಳಗನ್ನಡ ಅರ್ಥವಾಗದ ರೋಶನಬಿಯವರು ಇಡೀ ದಿನದ ದುಡಿಮೆಯ ಮೇಲೆ ಎರಡು ಬಸ್ಸು ಹಿಡಿದು ಬಂದು ಕುಳಿತು, ಕೆಲವೊಮ್ಮೆ ಕುಳಿತಲ್ಲಿಯೇ ತೂಕಡಿಸಿ, ಪದ್ಯ ಮುಗಿದಾಗ ಎಚ್ಚೆತ್ತು "ಆಮೇಲೆ ಏನಾಯ್ತು ಪಂಡಿತ್ರೇ?" ಎನ್ನುತ್ತಿದ್ದರು. "ಅದೇ ಈಗ ಹೇಳಿದ್ರಲ್ಲ ಸಿಸ್ಟರಮ್ಮ, ರಾಜ ಸತ್ತ" ಎಂದು ಉಚ್ಚಂಗೆಪ್ಪನವರು ತಿದ್ದುತ್ತಿದ್ದರು.

ಮೊದಲ ಸೋಮವಾರ ಓದಿನ ನಡುವೆ ಉಚ್ಚಂಗೆಪ್ಪನವರು ಒಂದು ಬೀಡಿ ಹಚ್ಚಿದರು. ಹಚ್ಚಿ ನನ್ನ ಮುಖ ನೋಡಿದರು. ರೋಶನಬಿಯವರು ಬೇಡವೆನ್ನಲಿಲ್ಲ, ನನಗೆ ಕಣ್ಣಿನಲ್ಲಿಯೇ ಮುಂದೆ ಓದಿ ಎಂದರು. ಶಿವಸ್ತುತಿಯ ಪದ್ಯವನ್ನು ಬೀಡಿಯ ಹೊಗೆಯ ನಡುವೆ ಓದಿದೆ. ಓದುವಾಗ ನಾನು ಸಾಲು ತಪ್ಪಿದ್ದು ಮೈಲಿಗೆಯ ಭಯದಿಂದಲ್ಲ. ಒಬ್ಬ ಮನುಷ್ಯನನ್ನು ಅವನಿರುವಂತೆಯೇ ಹತ್ತಿರ ಕೂರಿಸಿಕೊಳ್ಳುವುದನ್ನು ನಾನು ಅದುವರೆಗೆ ಕಾವ್ಯಗಳಲ್ಲಿ ಓದಿದ್ದೆ, ಮಾಡಿರಲಿಲ್ಲ.

ಅನಂತರದ್ದು ನಿಧಾನದ ಕೆಲಸ. ತೂಬು ಎತ್ತಿದ ಕೂಡಲೇ ಸೇದುವ ಬೀಡಿಯನ್ನು ಅರ್ಧ ಗಂಟೆ ಮುಂದೂಡಿಸಿ, ಮತ್ತೆ ಅರ್ಧ ಗಂಟೆ ಮುಂದೂಡಿಸಿ, ತೋಳಿಗೆ ಪಟ್ಟಿ ಹಚ್ಚಿಸಿ, ಬೆಳಿಗ್ಗೆ ಆರಕ್ಕೆ ತಾವೇ ಫೋನು ಮಾಡಿ, ಬೀಡಿಯ ಮಾತನ್ನೇ ಎತ್ತದೆ ಇಂದು ಯಾವ ಗದ್ದೆಗೆ ನೀರು ಎಂದು ರೋಶನಬಿಯವರು ಕೇಳುತ್ತಿದ್ದರು. ಉಚ್ಚಂಗೆಪ್ಪನವರು ಇನ್ನೆರಡು ಸಲ ಬಿದ್ದರು. ಎರಡು ಸಲವೂ ತಾವೇ ಫೋನು ಮಾಡಿ ಹೇಳಿದರು. ಆ ವರ್ಷದ ದೀಪಾವಳಿಯ ಹೊತ್ತಿಗೆ ಬೀಡಿ ನಿಂತಿತು. ನನ್ನ ನಶ್ಯವೂ ಅದರ ಹಿಂದೆಯೇ ಹೋಯಿತು. ಅವರ ಮುಂದೆ ಡಬ್ಬಿ ತೆರೆಯಲು ನನಗೆ ಮುಖವಿರಲಿಲ್ಲ. ಪ್ರತಿಜ್ಞೆಯ ಕಾರ್ಯಕ್ರಮ ವಿಫಲವಾದದ್ದೇಕೆಂದು ಮೇಲಧಿಕಾರಿಗಳು ಸಭೆಯಲ್ಲಿ ವಿಚಾರಿಸಿದಾಗ "ಅದು ನನ್ನ ಆಲೋಚನೆ ಸಾರ್" ಎಂದು ರೋಶನಬಿಯವರು ಉತ್ತರಿಸಿದರೆಂಬುದು, ಆ ಸಭೆಯಲ್ಲಿದ್ದ ಔಷಧ ವಿತರಕ ತಿಪ್ಪೇಶ್ ಅವರಿಂದ ನನಗೆ ತಿಳಿದದ್ದು ಕಳೆದ ತಿಂಗಳು. ಅದಕ್ಕಾಗಿಯೇ ಸತ್ಯವನ್ನು ಇಲ್ಲಿ ಅಚ್ಚಿನಲ್ಲಿ ದಾಖಲಿಸುತ್ತಿದ್ದೇನೆ.

ಉಚ್ಚಂಗೆಪ್ಪನವರು ಎರಡು ವರ್ಷ ಮೂರು ತಿಂಗಳು ನಡೆದಾಡಿಕೊಂಡಿದ್ದರು. ಬೀಡಿ ಬಿಟ್ಟ ಮೇಲೆ ಗುಡಿಗೆ ಬರಬಹುದಲ್ಲವೆಂದು ನಾನು ಹಲವು ಸಲ ಕೇಳಿದೆ. ಮಾತು ಮಾತೇ ಎಂದು ಅವರು ಕೊನೆಯವರೆಗೂ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ನಿಂತು ಕೈಮುಗಿದು ಹೋಗುತ್ತಿದ್ದರು. ಈ ಮಾಘದಲ್ಲಿ ಅವರು ತೀರಿಕೊಂಡರು. ಅವರ ಉಸಿರಿನ ಎರಡು ವರ್ಷವನ್ನು ರೋಶನಬಿಯವರು ಮರಳಿಸಿಕೊಟ್ಟರು. ನಾನು ಕಸಿದ ಮೆಟ್ಟಿಲನ್ನು ಮರಳಿಸಲು ಯಾರಿಂದಲೂ ಆಗಲಿಲ್ಲ. ಈಗ ತೂಬಿನ ಕಟ್ಟೆಯ ಮೇಲೆ ಕೇಳುವವರಿಲ್ಲ. ಆದರೂ ಸೋಮವಾರ ಹೋಗಿ ಒಂದು ಪದ್ಯ ಓದಿ ಬರುತ್ತೇನೆ.

ಈ ಅಭಿನಂದನ ಗ್ರಂಥದ ಸಂಪಾದಕರೂ ಆದ ತಿಪ್ಪೇಶ್ ಅವರು, ರೋಶನಬಿಯವರು ಒಟ್ಟು ಎಷ್ಟು ಹಿರಿಯರಿಂದ ಬೀಡಿ ಬಿಡಿಸಿದರೆಂಬ ಸಂಖ್ಯೆಯನ್ನು ಲೇಖನದಲ್ಲಿ ಸೇರಿಸಬೇಕೆಂದು ಕೋರಿದ್ದರು. ಅದನ್ನು ಕೇಳಲೆಂದು ಮೊನ್ನೆ ಚನ್ನಗಿರಿಯಲ್ಲಿ ರೋಶನಬಿಯವರ ಕೋಣೆಗೆ ಹೋದೆ. ಟ್ರಂಕು ಆಗಲೇ ಕಟ್ಟಿಯಾಗಿತ್ತು. ಸಂಖ್ಯೆ ಇಲಾಖೆಯಲ್ಲಿರಬಹುದು, ತನಗೆ ಗೊತ್ತಿಲ್ಲವೆಂದರು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಹಳೆಯ ರೋಗಿಗಳು ಕಂಡು ಮಾತಾಡಿಸುತ್ತಿರಬೇಕಲ್ಲವೇ ಎಂದೆ.

"ಬಿಟ್ಟೋರಿಗೆ ನನ್ನ ಕಂಡ್ರೆ ಬೀಡಿ ನೆನಪಾಗುತ್ತೆ, ಅದಕ್ಕೆ ಪಕ್ಕಕ್ಕೆ ಸರೀತಾರೆ. ಬಿಡದೇ ಇರೋರು ಬೀಡಿ ಬಚ್ಚಿಟ್ಕೊಂಡು ಬೇರೆ ದಾರಿ ಹಿಡೀತಾರೆ. ನಾಲ್ಕು ತಾಲ್ಲೂಕಿನಾಗೆ ನಾನು ಎದುರಿಗೆ ಬಂದ್ರೆ ರಸ್ತೆನೇ ಖಾಲಿ ಪಂಡಿತ್ರೇ" ಎಂದು ನಕ್ಕರು. ಆ ನಗೆಗೆ ಜೊತೆಯಾಗಿ ನಗಲು ನನ್ನಿಂದ ಆಗಲಿಲ್ಲ.

ಒಂಟಿಯಾಗಿ ಸೇದುವವರ ಪಕ್ಕದಲ್ಲಿ ಕೂರಲೆಂದೇ ಮೂವತ್ತಾರು ವರ್ಷ ನಡೆದವರ ಪಕ್ಕದಲ್ಲಿ ಇಂದು ಕೂರುವವರಿಲ್ಲ. ನಿವೃತ್ತಿಯ ನಂತರ ಜಗಳೂರಿನ ತಂದೆಯ ಮನೆಯ ಮುಂಭಾಗದಲ್ಲಿ ಒಂದು ಮೇಜು ಹಾಕಿ ಬೆಳಗಿನ ಹೊತ್ತು ಇದೇ ಕೆಲಸವನ್ನು ಮುಂದುವರಿಸುವರೆಂದು ತಿಳಿದು ಸಂತೋಷವಾಗಿದೆ. ಕಲ್ಲೇಶ್ವರನು ಅವರಿಗೆ ದೀರ್ಘವಾದ ಆಯುಸ್ಸನ್ನೂ ನೋಯದ ಮೊಣಕಾಲುಗಳನ್ನೂ ಕೊಡಲಿ. ಅವರು ನಂಬಿದ ಅಲ್ಲಾಹನು ಅವರ ಮನೆಯ ಬಾಗಿಲನ್ನು ಜನರಿಂದ ತುಂಬಿಸಲಿ. ಇನ್ನು ಈ ಲೇಖನವನ್ನು ಓದುವ, ಅಥವಾ ಓದಿಸಿ ಕೇಳುವ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನನ್ನ ಸಮವಯಸ್ಕರಲ್ಲಿ ಕೈಮುಗಿದು ಒಂದು ಬಿನ್ನಹ. ಅವರು ದಾರಿಯಲ್ಲಿ ಎದುರಾದರೆ ದಯವಿಟ್ಟು ಪಕ್ಕಕ್ಕೆ ಸರಿಯಬೇಡಿ. ಬೀಡಿ ಕೈಯಲ್ಲಿದ್ದರೆ ಇರಲಿ, ಹಾಗೆಯೇ ಎದುರಿಗೆ ಹೋಗಿ ನಿಂತು, ಊಟವಾಯಿತೇ ಸಿಸ್ಟರಮ್ಮ ಎಂದು ಕೇಳಿ.